ಅರ್ಧರ್ಧ ಬಕೆಟ್ಟು

ಕಾವಲಿಯ ಮೇಲೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ನಡುಮನೆಯಿಂದ ಕೂಗು ಬಂತು.

"ನಾಗಶ್ರೀ, ಒಂದ್ನಿಮಿಷ ಬಾ ಇಲ್ಲಿ."

"ರೊಟ್ಟಿ ತಟ್ತಾ ಇದೀನಿ ರೀ."

"ನೋಡಿ ಹೋಗು ಅಂದ್ರೆ. ಇದೇನು ಗಂಟೆಗಟ್ಲೆ ಕೆಲಸಾನಾ?"

ರೊಟ್ಟಿ ಅರ್ಧಕ್ಕೇ ನಿಂತಿತು. ಒಂದು ಕಡೆ ತೆಳ್ಳಗಾಗಿ, ಇನ್ನೊಂದು ಕಡೆ ಉಂಡೆಯಾಗಿಯೇ ಉಳಿದ ಹಿಟ್ಟನ್ನು ಹಾಗೇ ಬಿಟ್ಟು, ಅಂಟಿದ ಕೈಯಲ್ಲೇ ನಾಗಶ್ರೀ ಹೊರಗೆ ಬಂದಳು. ರಾಜೇಂದ್ರ ಕಿಟಕಿಯ ಬೆಳಕಿಗೆ ಸಣ್ಣ ಗಾಜಿನ ಕೊಳವೆಯೊಂದನ್ನು ಎತ್ತಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಹಳದಿಯಿಂದ ಕೆಂಪಿನವರೆಗೆ ಬಣ್ಣದ ಚೌಕಗಳಿದ್ದ ಕಾರ್ಡು.

"ಇದು ಯಾವ ಬಣ್ಣ?"

ಅವನಿಗೆ ಕಿತ್ತಳೆಗೂ ಕೆಂಪಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮದುವೆಯ ಸೀರೆಯನ್ನು ಇವತ್ತಿಗೂ ಕಿತ್ತಳೆ ಸೀರೆ ಎಂದೇ ಹೇಳುತ್ತಿದ್ದ. ಹಾಗಾಗಿ ಬಣ್ಣ ಓದುವುದೂ ಅವಳ ಕೆಲಸವೇ ಆಗಿತ್ತು.

"ಕೆಂಪು."

"ಸರಿಯಾಗಿ ನೋಡು."

"ಕೆಂಪೇ ರೀ. ಕುಂಕುಮ ಕಲಸಿದ ಹಾಗಿದೆ."

ಕೆಂಪು ಎಂದರೆ ಮೀನಿನ ತೊಟ್ಟಿಯ ನೀರಿನಲ್ಲಿ ನೈಟ್ರೇಟು ಏರಿದೆ ಎಂದು ಅರ್ಥ. ರಾಜೇಂದ್ರ ಕೊಳವೆ ಇಳಿಸಿ, ಫೇಲಾದ ಹುಡುಗನನ್ನು ನೋಡುವ ಹಾಗೆ ತೊಟ್ಟಿಯನ್ನು ನೋಡಿದ.

"ಹೋದ ವಾರ ನೀರು ಬದಲಾಯಿಸ್ಲಿಲ್ವಾ ನೀನು?"

"ಇಲ್ಲ."

"ಯಾಕೆ?"

ಅವನು ಗದರಿಸಲೆಂದು ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ಗದರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ ಎಂದು ನಾಗಶ್ರೀಗೆ ಅನ್ನಿಸಿತು.

"ಹೊಲಿಗೆ ಹಾಕಿದ ಜಾಗ ಎಳೀತಿತ್ತು."

"ತುಂಬಿದ ಬಕೆಟ್ ಎತ್ತು ಅಂತ ಯಾರು ಹೇಳಿದ್ದು? ಅರ್ಧರ್ಧ ಬಕೆಟ್ ತಗೊಂಡು ಹೋಗು ಅಂತ ಅವತ್ತೇ ಹೇಳಿದ್ನಲ್ಲ. ಭಾನುವಾರ ಬಸರಾಳಿಂದ ಮಾವ ಬರ್ತಾರೆ ಕಣೆ. ತೊಟ್ಟಿ ನೋಡೋಕೇ ಬರ್ತಿರೋದು."

ಅವಳು ಒಳಗೆ ಹೋದಾಗ ಕಾವಲಿಯ ಮೇಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಬೆರಳು ನೀರಿಗೆ ಅದ್ದಿ ಬಿರುಕುಗಳನ್ನು ಒಂದೊಂದಾಗಿ ಮುಚ್ಚಿದಳು.

ಬೇರೆಯವರ ಮನೆಯಲ್ಲಿ ಟಿವಿ ಇರುವ ಜಾಗದಲ್ಲಿ ಈ ಮನೆಯಲ್ಲಿ ಸಮುದ್ರವಿತ್ತು. ನಲ್ಲಿ ನೀರನ್ನು ಫಿಲ್ಟರಿನಲ್ಲಿ ಇಳಿಸಿ, ಪ್ಯಾಕೆಟ್ಟಿನಲ್ಲಿ ಬರುವ ಸಮುದ್ರದುಪ್ಪು ಕಲಸಿ ಮಾಡಿದ ಸಮುದ್ರ. ನೀಲಿ ಬೆಳಕಿನ ಕೆಳಗೆ ಅಂಗಿಯ ಗುಂಡಿಯಷ್ಟಗಲದ ಹವಳಗಳು ಬೆಳಗಾದರೆ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತಿದ್ದವು, ದೀಪ ಆರಿಸಿದರೆ ಮುದುಡುತ್ತಿದ್ದವು. ಅವುಗಳ ನಡುವೆ ಬಿಳಿ ಪಟ್ಟೆಯ ಎರಡು ಮೀನು. ಅವಕ್ಕೆ ಮಗಳು ಅಮೃತ ಗುಂಡ, ಗುಂಡಿ ಎಂದು ಹೆಸರಿಟ್ಟಿದ್ದಳು. ಮೀನು ತಿಂದು ಹೊಲಸು ಮಾಡಿದ್ದು, ತಿನ್ನದೆ ಉಳಿದದ್ದು ಎಲ್ಲವೂ ಆ ನೀರಿನಲ್ಲಿ ನೈಟ್ರೇಟೆಂಬ ಗೊಬ್ಬರವಾಗುತ್ತದೆ. ಗದ್ದೆಗೆ ಬೇಕಾದ ಗೊಬ್ಬರ ಹವಳಕ್ಕೆ ವಿಷ. ಅದು ಹೆಚ್ಚಾದರೆ ಹವಳ ಮುಚ್ಚಿಕೊಂಡುಬಿಡುತ್ತದೆ, ಕಲ್ಲಿನ ಮೇಲೆಲ್ಲ ಕಂದು ಪಾಚಿ ಹಬ್ಬುತ್ತದೆ. ಅದನ್ನು ತೆಗೆಯಲು ಯಾವ ಉಪಾಯ ಒಳ್ಳೆಯದು ಎಂದು ರಾಜೇಂದ್ರ ತೊಟ್ಟಿ ತಂದ ದಿನದಿಂದ ಓದುತ್ತಲೇ ಇದ್ದ. ಮಳವಳ್ಳಿಯ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ ಬಂದು, ಶೂ ಬಿಚ್ಚುವ ಮೊದಲೇ ಫೋನಿನಲ್ಲಿ ಅದರ ವಿಡಿಯೋ ಹಾಕಿಕೊಂಡು ಕೂರುತ್ತಿದ್ದ. ಅವನು ಓದುತ್ತಿದ್ದಷ್ಟು ಕಾಲವೂ ನಾಗಶ್ರೀ ಪೈಪಿನಲ್ಲಿ ಹಳೆಯ ನೀರು ಇಳಿಸಿ ಹೊರಗೆ ಚೆಲ್ಲಿ, ಡ್ರಮ್ಮಿನಿಂದ ಹೊಸ ಉಪ್ಪುನೀರು ತಂದು ತುಂಬಿಸುತ್ತಿದ್ದಳು.

ಯುಗಾದಿ ಕಳೆದ ಮೇಲೆ ಅವಳಿಗೆ ಗರ್ಭಕೋಶ ತೆಗೆದಿದ್ದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ರಾಜೇಂದ್ರ ಬೆಂಚಿನ ಮೇಲೆ ಮಲಗಿದ್ದ. ಮೋಸಂಬಿಯ ಬೀಜವನ್ನೂ ತೆಗೆದು ತೊಳೆ ತೊಳೆಯಾಗಿ ಬಾಯಿಗಿಟ್ಟಿದ್ದ. ಪಕ್ಕದ ಹಾಸಿಗೆಯವಳು, "ಪುಣ್ಯ ಮಾಡಿದ್ದೆ ಕಣವ್ವ ನೀನು, ನನ್ ಗಂಡ ಇನ್ನೂ ಮುಖ ತೋರ್ಸಿಲ್ಲ" ಎಂದಿದ್ದಳು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಅವನನ್ನೇ ನಿಲ್ಲಿಸಿಕೊಂಡು, ಕೊಡ, ಬಕೆಟ್ಟು, ಗ್ಯಾಸ್ ಸಿಲಿಂಡರು ಯಾವುದನ್ನೂ ದೀಪಾವಳಿಯವರೆಗೆ ಮುಟ್ಟಿಸಬೇಡಿ ಎಂದಿದ್ದರು. ಅವನು ಶ್ರದ್ಧೆಯಿಂದ ತಲೆಯಾಡಿಸಿದ್ದ. ಸಿಲಿಂಡರನ್ನು ಇವತ್ತಿಗೂ ಅವನೇ ಬದಲಾಯಿಸುತ್ತಿದ್ದ. ಬಕೆಟ್ಟು ಮಾತ್ರ ಹೇಗೋ ಜಾರಿಕೊಂಡು ಮತ್ತೆ ಅವಳ ಕೈಗೆ ಬಂದಿತ್ತು, ಮೊದಲು ಕಾಲು, ಆಮೇಲೆ ಅರ್ಧ.

ತಿಂಡಿಗೆ ಕೂತಾಗ ರಾಜೇಂದ್ರ ರೊಟ್ಟಿ ಮುರಿಯುತ್ತಾ ಬೆರಳು ಮಡಿಸಿದ. "ನೋಡಮ್ಮ, ಇದಕ್ಕೆ ನಾಲ್ಕು ದಾರಿ ಇದೆ. ಒಂದು, ಅಂಗಡಿಯ ಪುಡಿ ಹಾಕೋದು. ಹಾಕಿ ನೋಡಿದ್ವಿ, ಹವಳ ಸೊರಗಿ ಹೋಯ್ತು. ಎರಡು, ವಿನೆಗರ್ ಹಾಕೋದು. ಅದನ್ನ ತಿಂದು ಒಳ್ಳೇ ಬ್ಯಾಕ್ಟೀರಿಯಾ ಬೆಳೆದು ಗೊಬ್ಬರಾನೆಲ್ಲ ನುಂಗುತ್ತೆ. ಮೂರು, ಬೇರೆ ಡಬ್ಬದಲ್ಲಿ ಪಾಚಿ ಬೆಳೆಸೋದು. ನಾಲ್ಕನೇದು ನೀರು ಬದಲಾಯಿಸೋದು. ಎಲ್ಲಕ್ಕಿಂತ ಒಳ್ಳೇದು ಅದೇ. ಯಾವ ತಾಪತ್ರಯಾನೂ ಇಲ್ಲ."

ಅವನ ತಾಯಿ ದೇವಿರಮ್ಮ ರೊಟ್ಟಿಯನ್ನು ಚಟ್ನಿಯಲ್ಲಿ ನೆನೆಸುತ್ತಾ, "ಒಂದ್ ಮೀನ್ಗೆ ನಾಕ್ ದಾರಿಯಾ? ನಿಮ್ಮಪ್ಪ ಮದ್ದೂರ್ ಸಂತೇಲಿ ಮೀನ್ ತಂದ್ರೆ ಒಂದೇ ದಾರಿ ಇತ್ತು ಕಣಪ್ಪ, ಸಾರು" ಎಂದರು. ಅಮೃತ ಬಾಯಿಯಲ್ಲಿದ್ದುದು ಉದುರುವಂತೆ ನಕ್ಕಳು.

"ಪಾಚಿದೇ ಮಾಡೋಣ ರೀ," ಎಂದಳು ನಾಗಶ್ರೀ. ಈ ಮಾತನ್ನು ಅವಳು ಬಹಳ ದಿನದಿಂದ ಬಾಯೊಳಗೆ ಇಟ್ಟುಕೊಂಡಿದ್ದಳು. "ಮೈಸೂರಿನ ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ. ದಾರದ ಉಂಡೆ ಥರ ಹಸಿರು ಪಾಚಿ ಕೊಡ್ತಾರಂತೆ. ತೊಟ್ಟಿ ಕೆಳಗಿನ ಬೀರುವಲ್ಲಿ ಡಬ್ಬ ಇಟ್ಟು, ಒಂದು ಲೈಟ್ ಹಾಕಿದ್ರೆ ಸಾಕು. ನೀರಲ್ಲಿರೋ ಗೊಬ್ಬರ ಅದು ತಿನ್ಕೊಂಡು ಬೆಳೆಯುತ್ತೆ. ಬೆಳೆದಷ್ಟನ್ನ ಆಗಾಗ ಕಿತ್ತು ಬಿಸಾಕೋದು. ವಾರ ವಾರ ಬಕೆಟ್ ಹೊರೋದು ತಪ್ಪುತ್ತೆ."

ರಾಜೇಂದ್ರ ನಕ್ಕ. ಕೆಟ್ಟದಾಗೇನೂ ನಗಲಿಲ್ಲ. "ಪಾಚಿ ಬರಬಾರ್ದು ಅಂತ ಇಷ್ಟು ಒದ್ದಾಡ್ತಿದೀವಿ, ಇವಳು ಪಾಚೀನೇ ಸಾಕೋಣ ಅಂತಾಳೆ. ಆ ಬೀರುವಲ್ಲಿ ನನ್ನ ಶಟಲ್ ಬ್ಯಾಟು, ಶೂ ಎಲ್ಲ ಇದೆ. ಎಲ್ಲಿಡ್ಲಿ ಅವನ್ನ, ತಲೆ ಮೇಲಾ?"

"ಬ್ಯಾಟ್ ಇಡೋಕೆ ಮನೇಲಿ ಬೇರೆ ಜಾಗ ಇಲ್ವಾ?"

"ಆಯ್ತು ಮಾರಾಯ್ತಿ, ನಿನಗೆ ಎತ್ತೋಕೆ ಕಷ್ಟ ಅಂತ ತಾನೆ? ಭಾನುವಾರದೊಳಗೆ ಪಾಚಿ ಬೆಳೆಯಲ್ಲ. ವಿನೆಗರ್ ಹಾಕ್ತೀನಿ. ಸರಿನಾ?"

"ಅಪ್ಪ," ಎಂದಳು ಅಮೃತ.

"ತಿಂಡಿ ತಿನ್ನು. ವ್ಯಾನ್ ಬರೋ ಹೊತ್ತಾಯ್ತು," ಎಂದು ನಾಗಶ್ರೀ ಅವಳ ತಟ್ಟೆಗೆ ಇನ್ನೊಂದು ಚೂರು ರೊಟ್ಟಿ ಹಾಕಿದಳು.

ವಿನೆಗರನ್ನು ಹನಿ ಹನಿಯಾಗಿ ಶುರು ಮಾಡಿ, ದಿನ ಕಳೆದಂತೆ ಹೆಚ್ಚಿಸಬೇಕು ಎಂದು ಅವನು ನೋಡಿದ ಎಲ್ಲ ವಿಡಿಯೋಗಳಲ್ಲೂ ಇತ್ತು. ಆದರೆ ಮಾವ ಬರುವುದು ಭಾನುವಾರ. ರಾಜೇಂದ್ರ ಅವತ್ತೇ ಒಂದು ಮುಚ್ಚಳ ಸುರಿದ. ಮರುದಿನ ಎರಡು.

ಶನಿವಾರ ಬೆಳಿಗ್ಗೆ ಅವನು ಪರೀಕ್ಷೆ ಡ್ಯೂಟಿಗೆಂದು ಬೇಗ ಹೊರಟಿದ್ದ. ಶಾಲೆಗೆ ರಜೆಯಿದ್ದ ಅಮೃತ ಎದ್ದು ನಡುಮನೆಗೆ ಬಂದವಳೇ ಕಿರುಚಿದಳು. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಒಳಗಿನ ಕಲ್ಲು ಕಾಣುತ್ತಿರಲಿಲ್ಲ. ಗುಂಡ, ಗುಂಡಿ ಎರಡೂ ಮೇಲಕ್ಕೆ ಬಂದು ಬಾಯಿ ಬಿಟ್ಟು ಬಿಟ್ಟು ಗಾಳಿ ಕಚ್ಚುತ್ತಿದ್ದವು.

ನಾಗಶ್ರೀ ಫೋನ್ ಮಾಡಿದಳು. ಆ ಕಡೆ ಬೆಲ್ಲು ಹೊಡೆಯುವ ಸದ್ದು, ಹುಡುಗರ ಗಲಾಟೆ.

"ಅಯ್ಯೋ, ಜಾಸ್ತಿ ಆಯ್ತು ಅನ್ಸುತ್ತೆ," ಎಂದ ರಾಜೇಂದ್ರ. "ಬ್ಯಾಕ್ಟೀರಿಯಾ ಒಂದೇ ಸಲ ಬೆಳೆದು ಗಾಳೀನೆಲ್ಲ ಎಳ್ಕೊಂಡಿದೆ. ಪಂಪಿನ ಬಾಯಿ ಮೇಲಕ್ಕೆ ತಿರುಗಿಸು, ನೀರು ಚಿಮ್ಲಿ. ಅರ್ಧ ತೊಟ್ಟಿ ನೀರು ಈಗಲೇ ಬದಲಾಯಿಸ್ಬೇಕು, ಇಲ್ದಿದ್ರೆ ಸತ್ತೋಗ್ತವೆ."

"ನೀವು ಬರೋದು ಯಾವಾಗ?"

"ಸಂಜೆ ಆಗುತ್ತೆ ಕಣೆ. ಪೇಪರ್ ಕೊಡೋ ಹೊತ್ತಾಯ್ತು, ಇಡ್ತೀನಿ. ಅರ್ಧರ್ಧ ಬಕೆಟ್ ತಗೊಂಡು ಹೋಗು, ಆಯಾಸ ಮಾಡ್ಕೋಬೇಡ."

ಫೋನು ಕೈಯಲ್ಲೇ ಇತ್ತು. ಅದನ್ನು ತೊಟ್ಟಿಯ ಗಾಜಿಗೆ ಬೀಸಿ ಹೊಡೆದರೆ ಎಷ್ಟು ಸದ್ದಾಗಬಹುದು ಎಂದು ನಾಗಶ್ರೀ ಯೋಚಿಸಿದಳು. ನೀರೆಲ್ಲ ನೆಲದ ಮೇಲೆ ಹರಿದು, ಸೋಫಾದ ಕೆಳಗೆ ಹೋಗಿ, ಬಾಗಿಲು ದಾಟಿ ಬೀದಿಗೆ ಬಿದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ.

"ಅಮ್ಮ, ಗುಂಡಿ ಸಾಯ್ತಾಳಾ?" ಅಮೃತಳ ಗಲ್ಲದ ಮೇಲೆ ಕಣ್ಣೀರು ಇಳಿದಿತ್ತು.

ಫೋನನ್ನು ಟೇಬಲ್ಲಿನ ಮೇಲಿಟ್ಟು ನಾಗಶ್ರೀ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಪಂಪು ತಿರುಗಿಸಿದಳು. ಪೈಪಿನ ತುದಿಯನ್ನು ಬಾಯಲ್ಲಿ ಎಳೆದು ಬಿಟ್ಟಳು. ಉಪ್ಪು ನಾಲಿಗೆಗೆ ತಾಕಿತು. ನೀರು ಬಕೆಟ್ಟಿಗೆ ಬೀಳತೊಡಗಿತು.

ಬಚ್ಚಲು ನಡುಮನೆಯ ಪಕ್ಕದಲ್ಲೇ ಇತ್ತು. ಆದರೆ ಆ ನೀರನ್ನು ಬಚ್ಚಲಿಗೆ ಚೆಲ್ಲಲು ದೇವಿರಮ್ಮ ಬಿಡುತ್ತಿರಲಿಲ್ಲ. ತೆಂಗಿನ ಬುಡಕ್ಕೆ ಉಪ್ಪು ಹಾಕಿದರೆ ಕಾಯಿ ಚೆನ್ನಾಗಿ ಹಿಡಿಯುತ್ತದೆ ಎಂಬುದು ಅವರ ಊರಿನಲ್ಲಿ ಎಲ್ಲರೂ ಮಾಡಿಕೊಂಡು ಬಂದದ್ದು. ಉಪ್ಪೂ ಗೊಬ್ಬರವೂ ಒಟ್ಟಿಗೇ ಸಿಗುವ ನೀರನ್ನು ಚರಂಡಿಗೆ ಬಿಡುವುದುಂಟೇ? ಹಾಗಾಗಿ ಪ್ರತಿ ಬಕೆಟ್ಟೂ ಅಡುಗೆಮನೆ ದಾಟಿ, ಹಿಂದಿನ ಮೆಟ್ಟಿಲು ಇಳಿದು ಹಿತ್ತಿಲ ತೆಂಗಿನ ಮರದ ತನಕ ಹೋಗಬೇಕಿತ್ತು. ವರ್ಷದಿಂದ ಹೀಗೆ ಸಮುದ್ರ ಕುಡಿದು ತೆಂಗು ಸುಮ್ಮನೆ ನಿಂತಿತ್ತು. ಅದರ ಪಕ್ಕ ನಾಗಶ್ರೀ ಹನಕೆರೆಯ ತವರಿನಿಂದ ತಂದು ನೆಟ್ಟಿದ್ದ ಕರಿಬೇವಿನ ಗಿಡ ಮಾತ್ರ ತುದಿಯಿಂದ ಒಣಗುತ್ತಾ ಬಂದಿತ್ತು.

ದೇವಿರಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಸೊಸೆ ಎರಡನೆಯ ಬಕೆಟ್ಟು ತಂದಾಗ, "ಕರಿಬೇವು ಒಣಗೋಯ್ತಾ ಅದೆಯಲ್ಲವ್ವ. ನೀರು ಉಯ್ಯದ ಮರೆತ್ಬುಟ್ಯಾ?" ಎಂದರು.

"ಉಯ್ತಾನೇ ಇದೀನಿ ಅತ್ತೆ. ಅದಕ್ಕೇ ಒಣಗ್ತಿರೋದು."

"ಅದೇನ್ ಮಾತು?"

"ಉಪ್ಪುನೀರು ಅತ್ತೆ ಇದು. ತೆಂಗು ತಡ್ಕೊಳ್ಳುತ್ತೆ, ಕರಿಬೇವು ತಡ್ಕೊಳ್ಳಲ್ಲ. ಎಷ್ಟು ಸಲ ಹೇಳಿದೀನಿ ನಿಮಗೆ? ಬಚ್ಚಲಿಗೆ ಬಿಡ್ತೀನಿ ಅಂದ್ರೆ ಬಿಡಲ್ಲ ಅಂತೀರ. ಈ ಮನೇಲಿ ಯಾರಿಗೆ ಏನು ಹೇಳಿದ್ರೂ ಅಷ್ಟೇ."

ಅವಳ ದನಿ ಅಷ್ಟು ಏರಿದ್ದನ್ನು ದೇವಿರಮ್ಮ ಯಾವತ್ತೂ ಕೇಳಿರಲಿಲ್ಲ. ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. "ನನ್ ಮ್ಯಾಕೆ ಯಾಕವ್ವ ಉರೀತೀಯ? ಒಂದ್ ಗಿಡ ಓದ್ರೆ ಇನ್ನೊಂದ್ ನೆಟ್ರಾಯ್ತು, ಬುಡು."

ನಾಗಶ್ರೀ ಬಕೆಟ್ಟು ಬೋರಲು ಹಾಕಿ ಒಳಗೆ ಹೋದಳು. ಬಗ್ಗಿ ಎತ್ತುವಾಗೆಲ್ಲ ಹೊಟ್ಟೆಯ ಕೆಳಗೆ ಯಾರೋ ದಾರ ಹಿಡಿದು ಎಳೆದಂತಾಗುತ್ತಿತ್ತು. ಹಳೆಯ ನೀರು ಹೊತ್ತು ಹಾಕುವುದು ಮುಗಿದ ಮೇಲೆ ಹೊಸ ನೀರು ತರಬೇಕಿತ್ತು. ವಾಷಿಂಗ್ ಮೆಷಿನ್ನಿನ ಪಕ್ಕದ ನೀಲಿ ಡ್ರಮ್ಮಿನಿಂದ ಮಗ್ಗಿನಲ್ಲಿ ತೋಡಿ ತೋಡಿ ಬಕೆಟ್ಟಿಗೆ ಹಾಕುವ ಕೆಲಸವನ್ನು ಅಮೃತ ವಹಿಸಿಕೊಂಡಳು. ಅರ್ಧ ಬಂದ ಕೂಡಲೇ, "ಸಾಕಮ್ಮ, ಸಾಕು" ಎಂದು ಮಗ್ಗನ್ನು ಹಿಂದಕ್ಕೆ ಹಿಡಿಯುತ್ತಿದ್ದಳು.

ನಾಲ್ಕಾರು ಸಲ ಓಡಾಡಿದ ಮೇಲೆ ನಾಗಶ್ರೀ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡಳು. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಸೇರಿ ಉರಿಯಿತು.

"ಅಮ್ಮ, ಡಾಕ್ಟ್ರು ಎತ್ಬೇಡಿ ಅಂದಿದ್ರಲ್ವಾ?"

"ಹ್ಞೂಂ."

"ಅಪ್ಪಂಗೆ ಗೊತ್ತಲ್ವಾ?"

"ಗೊತ್ತು."

ಅಮೃತ ಮಗ್ಗಿನ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತಳು. ಒಂಬತ್ತು ತುಂಬಿದ ಹುಡುಗಿ. ಹುಬ್ಬುಗಳ ನಡುವೆ ಲೆಕ್ಕ ಬರದಿದ್ದಾಗ ಬೀಳುವ ಗೆರೆ ಬಿದ್ದಿತ್ತು. "ಹಂಗಾದ್ರೆ ಅಪ್ಪ ಬಂದ್ಮೇಲೆ ನಾನು ಕೇಳ್ತೀನಿ."

"ಬೇಡ. ಏನೂ ಕೇಳ್ಬೇಡ."

"ಯಾಕೆ?"

ಮನೆಯಲ್ಲಿ ಗಲಾಟೆ ಆಗಬಾರದು ಎಂದು ನಾಗಶ್ರೀಯ ಅಮ್ಮ ಅವಳಿಗೆ ಹೇಳಿದ್ದಳು. ಅದನ್ನೇ ಈ ಮಗುವಿಗೂ ಹೇಳಬೇಕೆ? ಆ ಯೋಚನೆ ಬಂದ ಕೂಡಲೇ ಅವಳಿಗೆ ಗಂಡನ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಬಂತು. ಎದ್ದು, ಮಗಳ ತಲೆಗೂದಲು ಹಿಂದಕ್ಕೆ ಸರಿಸಿ, "ನಡಿ, ಇನ್ನೊಂದು ಸ್ವಲ್ಪ ಇದೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ನೀರಿನ ಬಿಳಿ ಕರಗಿ ಕಲ್ಲುಗಳು ಕಂಡವು. ಮೀನುಗಳು ಕೆಳಗಿಳಿದವು. ಸಂಜೆ ರಾಜೇಂದ್ರ ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ತೊಟ್ಟಿಯ ಮುಂದೆ ಬಂದು ನಿಂತ. ಕೊಳವೆಯಲ್ಲಿ ನೀರು ಹಿಡಿದು, ಔಷಧಿ ಹನಿಸಿ, ಕುಲುಕಿ ತಂದು ಅವಳ ಮುಂದೆ ಹಿಡಿದ.

"ಯಾವ ಬಣ್ಣ?"

"ಹಳದಿ."

"ನೋಡಿದ್ಯಾ! ಒಂದು ದಿನ ತೊಂದ್ರೆ ಕೊಡ್ತು, ಆದ್ರೆ ವಿನೆಗರ್ ಕೆಲಸ ಮಾಡ್ತು."

ನಾಗಶ್ರೀ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಕೆಲಸ ಮಾಡಿದ್ದು ವಿನೆಗರ್ ಅಲ್ಲ. ಅರ್ಧ ತೊಟ್ಟಿ ನೀರು ನಾನು ಹೊತ್ತು ಹಾಕಿದೀನಿ. ಇನ್ಮೇಲೆ ನಾನು ಎತ್ತಲ್ಲ ರೀ. ಅರ್ಧಾನೂ ಎತ್ತಲ್ಲ, ಕಾಲೂ ಎತ್ತಲ್ಲ."

"ಆಯ್ತು ಬಿಡು, ಅದಕ್ಕೆ ಯಾಕೆ ಇಷ್ಟು ಕೋಪ? ನಾನೇನು ಬಲವಂತ ಮಾಡಿದ್ನಾ? ಆಗಲ್ಲ ಅಂದಿದ್ರೆ ಬಿಡು ಅಂತಿದ್ದೆ." ಅವನ ಮುಖದಲ್ಲಿ ನಿಜವಾದ ನೋವಿತ್ತು. ತನ್ನನ್ನು ತಪ್ಪು ತಿಳಿದುಕೊಂಡಳಲ್ಲ ಎಂಬ ನೋವು. "ನಾಳೆ ಮಾವ ಹೋಗ್ಲಿ, ಆಮೇಲೆ ಕೂತು ಮಾತಾಡೋಣ."

ಭಾನುವಾರ ಕೆಂಪಸಿದ್ದಯ್ಯ ಬಸರಾಳಿನಿಂದ ಒಂದು ಚೀಲ ಸೊಪ್ಪು, ಎರಡು ಕುಂಬಳಕಾಯಿ ಹೊತ್ತು ಬಂದರು. ದೇವಿರಮ್ಮನ ಅಣ್ಣ. ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ನಡುಮನೆಯಲ್ಲೂ ಇಂಥದ್ದೇ ತೊಟ್ಟಿ ಇರಬೇಕು ಎಂಬ ಆಸೆ ಅವರಿಗೆ ಹತ್ತಿತ್ತು. ಚಪ್ಪಲಿ ಬಿಟ್ಟವರೇ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

"ಏನ್ಲಾ ರಾಜೇಂದ್ರ, ಹೂವು ಹೂವು ಇದ್ದಂಗದಲ್ಲೋ! ಇದು ಗಿಡವೋ, ಪ್ರಾಣಿಯೋ?"

"ಪ್ರಾಣಿ ಮಾವ. ಹವಳ."

"ಉಂಗ್ರಕ್ಕಾಕದು? ಇದು ಬದುಕದೆಯಾ? ಸರಿ ಓಯ್ತು." ಕೆಂಪಸಿದ್ದಯ್ಯ ತಂಗಿಯ ಕಡೆ ತಿರುಗಿದರು. "ನೋಡವ್ವ, ನಿನ್ ಮಗ ಮಂಡ್ಯಕ್ಕೇ ಸಮುದ್ರ ತಂದವ್ನೆ."

"ತಂದವ್ನೆ, ತಂದವ್ನೆ," ಎಂದರು ದೇವಿರಮ್ಮ, ಎಲೆಗೆ ಸುಣ್ಣ ಹಚ್ಚುತ್ತಾ. ನಿನ್ನೆಯಿಂದ ಅವರು ಸೊಸೆಯ ಮುಖ ನೋಡಿ ಮಾತಾಡಿರಲಿಲ್ಲ.

ಅಮೃತ ಚಾಪೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ನಾಗಶ್ರೀ ಅಡುಗೆಮನೆಯಲ್ಲಿ ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಮಾತು ಅಲ್ಲಿಗೂ ಕೇಳುತ್ತಿತ್ತು.

"ಅಲ್ಲ ಕಣ್ಲಾ, ತಿನ್ನದು, ಹೇಲದು ಎಲ್ಲ ಇದ್ರೊಳಗೇ ತಾನೆ? ನೀರು ನೋಡಿದ್ರೆ ಗಾಜಿದ್ದಂಗದೆ. ಯಂಗ್ ಮಡಗಿದ್ದೀಯ?"

ರಾಜೇಂದ್ರ ಕುರ್ಚಿಯ ತುದಿಗೆ ಸರಿದ. "ಅದೇ ಮಾವ ಇದರಲ್ಲಿರೋ ಗುಟ್ಟು. ಜನ ಪುಡಿ ಹಾಕ್ತಾರೆ, ವಿನೆಗರ್ ಹಾಕ್ತಾರೆ, ಪಾಚಿ ಬೆಳೆಸ್ತಾರೆ. ನಾನು ಎಲ್ಲ ಓದಿ, ಪ್ರಯೋಗ ಮಾಡಿ, ಕೊನೆಗೆ ನೀರು ಬದಲಾಯಿಸೋ ಪದ್ಧತೀನೇ ಇಟ್ಕೊಂಡಿದೀನಿ. ವಾರ ವಾರ ಒಂದಷ್ಟು ಹಳೇ ನೀರು ತೆಗೆಯೋದು, ಹೊಸ ನೀರು ತುಂಬೋದು. ಯಾವ ಕೆಮಿಕಲ್ಲೂ ಬೇಡ. ಒಂಚೂರು ಶಿಸ್ತು ಇರ್ಬೇಕು ಅಷ್ಟೇ."

"ಅಷ್ಟೆಯಾ? ಅಂಗಾರೆ ನಮ್ಮನೇಲೂ ಆಯ್ತದೆ ಬುಡು. ನಿಮ್ಮತ್ತೆ ಶಿವನಂಜಿ ಇದ್ದಾಳಲ್ಲ, ಅವಳೇ ಮಾಡ್ಕತಾಳೆ." ಕೆಂಪಸಿದ್ದಯ್ಯ ಕೊಂಚ ತಡೆದರು. "ಸೊಂಟ ಇಡ್ಕತದೆ ಅಂತ ಬಡ್ಕತಿರ್ತಾಳೆ, ನೋಡು. ಅದೊಂದು."

"ಅರ್ಧರ್ಧ ಬಕೆಟ್ ತಗೊಂಡು ಹೋಗೋಕೆ ಹೇಳಿ ಮಾವ. ಭಾರಾನೇ ಗೊತ್ತಾಗಲ್ಲ."

ನಾಗಶ್ರೀ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಅಲ್ಲಿಲ್ಲದ ಶಿವನಂಜಮ್ಮನ ಕೈಯಲ್ಲಿ ಬಕೆಟ್ಟು ಈಗಾಗಲೇ ಏರಿ ಕೂತಿತ್ತು. ಆ ಮೂವರ ಎದುರಿಗೆ ತಟ್ಟೆಯನ್ನು ನೆಲಕ್ಕೆ ಕುಕ್ಕಬೇಕು ಎನ್ನಿಸಿತು. ಬಾಯಿ ತೆರೆದರೆ ಮಾತು ಬರುವುದಿಲ್ಲ, ಕಿರುಚಾಟವೇ ಬರುತ್ತದೆ ಎಂದು ಹೆದರಿ ಅವಳು ಹೊಸ್ತಿಲಲ್ಲೇ ನಿಂತಳು.

ಚಾಪೆಯ ಮೇಲಿಂದ ಅಮೃತ ಎದ್ದಳು. ಕೈಯಲ್ಲಿ ನೀಲಿ ಬಣ್ಣದ ಪೆನ್ಸಿಲು ಹಾಗೇ ಇತ್ತು. ಒಮ್ಮೆ ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ಬೇಡ ಎಂದು ಕಣ್ಣು ಬಿಡಲಿಲ್ಲ, ತಲೆ ಅಲ್ಲಾಡಿಸಲಿಲ್ಲ, ಒಳಗೆ ಬಾ ಎನ್ನಲಿಲ್ಲ. ಹುಡುಗಿ ನಡೆದು ಹೋಗಿ ಅಪ್ಪನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಳು.

"ಅಪ್ಪ."

"ಏನು ಮಗಳೇ?"

"ಅರ್ಧ ಬಕೆಟ್ ಭಾರಾನೇ ಇಲ್ಲ ಅಂದ್ರೆ, ಒಂದ್ಸಲಾನೂ ನೀನ್ಯಾಕೆ ಎತ್ತಲ್ಲ?"